ಗೋಡೆಯಲ್ಲಿ ಹಿಡಿಸದ ಗುರಪ್ಪ

ಸಿಂದಗಿಯ ಪೇಂಟರ್ ಮೈಬೂಬನಿಗೆ ಬಾಲವಿರುವ ಅಕ್ಷರ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆಗಿನ್ನೂ ಫ್ಲೆಕ್ಸ್ ಬಂದಿರಲಿಲ್ಲ. ಇಂಡಿಯಿಂದ ಮುದ್ದೇಬಿಹಾಳದ ತನಕ ಊರಿಗೊಬ್ಬ ಪೇಂಟರ್, ಎಲ್ಲರದೂ ಒಂದೇ ರೋಗ. ಅಕ್ಷರಕ್ಕೆ ಬಳ್ಳಿ ಸುತ್ತುವುದು, ಹಿಂದೆ ನೆರಳು ಬಿಡುವುದು, ಮೂಲೆಯಲ್ಲೊಂದು ಕಮಲ ತುರುಕುವುದು.

"ಇವರೇನು ಬೋರ್ಡ್ ಬರೀತಾರೋ, ಮದಿಮಗಳ ಕೈಗೆ ಮೆಹಂದಿ ಹಚ್ತಾರೋ?" ಎಂದು ಮೈಬೂಬ ಉಗಿಯುತ್ತಿದ್ದ.

ಅವನ ಅಕ್ಷರದ ರೀತಿಯೇ ಬೇರೆ. ಗುಂಡಗಿರುವುದನ್ನೆಲ್ಲ ಹೆಂಡತಿ ಸಗೀರಾಳ ಊಟದ ತಾಟು ಗೋಡೆಗಿಟ್ಟು ಗೀರುತ್ತಿದ್ದ. ನೆಟ್ಟಗಿರುವುದಕ್ಕೆಲ್ಲ ಕಟ್ಟಿಗೆಯ ಪಟ್ಟಿ. ತಲೆಕಟ್ಟು ಅಂದರೆ ಒಂದು ಅಡ್ಡಗೆರೆ, ಕೊಂಕಿಲ್ಲ ಡೊಂಕಿಲ್ಲ. ಎಲ್ಲಿ ನೋಡಿದರೂ ಅಂಗೈಯಗಲ ದಪ್ಪ. ಓಡುವ ಲಾರಿಯಿಂದ ಓದಲು ಬರಬೇಕು, ಮುಗಿಯಿತು.

ತೊಂಬತ್ತೇಳರಲ್ಲಿ ಝಳಕಿಯ ಸೋಮನಿಂಗ ಹೈವೇ ಪಕ್ಕ 'ಗುರಪ್ಪ ಖಾನಾವಳಿ' ತೆರೆದ. ಗುರಪ್ಪ ಅವನ ತೀರಿಹೋದ ಅಪ್ಪ. ಅಪ್ಪನ ಹೆಸರು ದೂರದಿಂದ ಎದ್ದು ಕಾಣಬೇಕು, ಅದೊಂದೇ ಅವನ ಹಟ. ಮೈಬೂಬ ಸೋಲಾಪುರದ ಕಡೆಯ ಗೋಡೆಗೆ ಕೆಂಪು ಬಣ್ಣದಲ್ಲಿ 'ಗುರಪ್ಪ' ಬರೆದು ಏಣಿ ಇಳಿದ. ನೋಡಿದರೆ ಗೋಡೆಯೇ ಮುಗಿದಿತ್ತು! ಕೆಳಗೆ ಕಿಟಕಿ, ಮೇಲೆ ತಗಡು. ಊರಿನವರ ಅಕ್ಷರವನ್ನೆಲ್ಲ ಬೈಯುವ ಗಂಡಸಿಗೆ ಮೊದಲು ಗೋಡೆ ಅಳೆಯುವಷ್ಟು ತಾಳ್ಮೆ ಎಲ್ಲಿಂದ ಬರಬೇಕು?

"ಖಾನಾವಳಿ ಎಲ್ಲೈತೋ?" ಸೋಮನಿಂಗ ಕೂಗಾಡಿದ. "ಅಳಿಸು. ಎಲ್ಲಾ ಒತ್ತಿ ಒಂದ ಸಾಲಿನ್ಯಾಗ ಬರಿ. ಇಂಡಿ ಪೇಂಟರ್ ಹಂಗ ಬರೀತಾನ."

"ಒತ್ತಾಕ ಇದೇನು ಟೆಂಪೋ ಏನ್ರಿ ಸಾವಕಾರ್ರ? ನಿಮ್ಮಪ್ಪನ್ನ ಮೂಲ್ಯಾಗ ಮುದುಡಿ ಕುಂಡ್ರಸೂನೇನು?"

"ನಮ್ಮಪ್ಪನ ಸುದ್ದಿಗೆ ಬರಬ್ಯಾಡ! ಸಂಜಿಯೊಳಗ ಮುಗಸು, ಇಲ್ಲಾಂದ್ರ ನಾಳೆ ಇಂಡಿಯವನ್ನ ಕರಸ್ತೇನಿ."

ಮೈಬೂಬ ತಾಟು ಎತ್ತಿಕೊಂಡು ಮೂಲೆ ತಿರುಗಿದ. ವಿಜಾಪುರದ ಕಡೆಯ ಗೋಡೆಯ ತುಂಬ 'ಖಾನಾವಳಿ' ಬರೆದಿಟ್ಟ.

ಸೋಮನಿಂಗ ಹಣೆ ಹಣೆ ಬಡಿದುಕೊಂಡ. "ಅಲ್ಲೋ, ಸೋಲಾಪುರದಿಂದ ಬರವ್ರಿಗೆ ಇಲ್ಲಿ ಊಟ ಸಿಗತೈತಂತ ಹೆಂಗ ಗೊತ್ತಾಗಬೇಕು?"

"ಮೂಗಿಲ್ಲೇನ್ರಿ ಅವ್ರಿಗೆ? ನಿಮ್ಮ ಒಗ್ಗರಣಿ ಏನ್ ಮಾಡಾಕತ್ತೈತಿ?" ಎಂದವನೇ ಮೈಬೂಬ ಡಬ್ಬಿ ಕಟ್ಟಿಕೊಂಡು ಹೊರಟುಬಿಟ್ಟ.

ಮರುದಿನ ಇಂಡಿಯ ಪೇಂಟರ್ ಬಂದ. ಗುರಪ್ಪನನ್ನು ಅಳಿಸಲು ಸುಣ್ಣದ ಬಕೀಟು ಹಿಡಿದು ಏಣಿ ಹತ್ತಿದ. ಅಷ್ಟರಲ್ಲಿ ಸೋಲಾಪುರದ ಬಸ್ಸು ದೂರದಲ್ಲಿ ಕಂಡಿತು. ಒಳಗಿನ ಮುದುಕಿಯೊಬ್ಬಳಿಗೆ ಅಲ್ಲೇ ಹತ್ತಿರ ಇಳಿಯಬೇಕಿತ್ತು. ಕಂಡಕ್ಟರ್ ಗೋಡೆ ನೋಡಿ ಸೀಟಿ ಊದಿದ. "ಗುರಪ್ಪ ಬಂತು! ಗುರಪ್ಪ ಇಳಿಯವ್ರು ಇಳೀರಿ!"

ಬಸ್ಸು ನಿಂತಿತು. ಬದುಕಿದ್ದಾಗ ಗುರಪ್ಪ ಅದೇ ಜಾಗದಲ್ಲಿ ನಿಂತು ಕೈ ಮಾಡಿದರೆ ಒಂದು ಬಸ್ಸೂ ನಿಲ್ಲುತ್ತಿರಲಿಲ್ಲ.

ಸೋಮನಿಂಗ ಬಸ್ಸು ಮರೆಯಾಗುವ ತನಕ ನೋಡಿ ಏಣಿಯ ಬುಡಕ್ಕೆ ಬಂದ. ಆಮೇಲೆ, "ಇಳಿಯೋ ಕೆಳಗ," ಎಂದ.

ಇಂಡಿಯವ ಇಳಿದ. "ಅಳಸೂದು ಬ್ಯಾಡಂದ್ರ ಬಿಡ್ರಿ. ಭಾಳ ಬೋಳ ಕಾಣ್ತೈತಿ, ಜರಾ ನೆರಳರೆ ಬಿಡ್ತೇನಿ."

"ನೆರಳು ಬೇಕಾದ್ರ ಬೇವಿನ ಗಿಡದ ಕೆಳಗ ಹೋಗಿ ಕುಂಡ್ರು," ಎಂದ ಸೋಮನಿಂಗ. "ನಮ್ಮಪ್ಪ ಬಿಸಲಾಗ ಇರ್ಲಿ."