ಗಂಟೆ ಕೇಳಿದರೆ ಓಡುವ ಸಿಸ್ಟರಮ್ಮ

ಆರೋಗ್ಯ ನೀತಿ ಬರೆಯುವ ಸರ್ಕಾರಿ ಸಮಿತಿಯಲ್ಲಿ ನರ್ಸುಗಳ ಪರವಾಗಿ ಕೂರುವವಳು ನಮ್ಮ ಸಿಸ್ಟರಮ್ಮ; ಕೂರುವವಳು ಎಂಬುದು ಬರೀ ಮಾತಿಗೆ, ಕುರ್ಚಿಗೆ ಅವಳ ಪರಿಚಯವೇ ಇಲ್ಲ. ತೂಕಡಿಸುವ ಕಾರ್ಯದರ್ಶಿಯ ತಲೆ ಗೋಡೆಗೆ ಬಡಿಯದಂತೆ ಫೈಲೊಂದನ್ನು ದಿಂಬು ಮಾಡುತ್ತಾಳೆ, ಹಣಕಾಸು ಅಧಿಕಾರಿ ಕೆಮ್ಮಿದರೆ "ಬಾಯಿಗೆ ಕೈ ಅಡ್ಡ ಹಿಡಿಯಪ್ಪಾ, ಇಷ್ಟು ದೊಡ್ಡೋನಾಗಿದೀಯ" ಎಂದು ಗದರುತ್ತಾಳೆ, ಮತ್ತೆ ಉಸಿರು ಬಿಡದೆ ತನ್ನ ಒಂದೇ ರಾಗ ಹಿಡಿಯುತ್ತಾಳೆ: "ಎರಡು ವಾರ್ಡಿಗೆ ಒಬ್ಬಳೇ ನರ್ಸ್ ಅನ್ನೋ ನಿಯಮ ತೆಗೀರಿ." ಅವಳ ಬಾಯಿ ಮುಚ್ಚಿಸಲು ಅಧ್ಯಕ್ಷರು ಮೇಜಿನ ಗಂಟೆ ಒತ್ತಿದರೋ, ಮುಗಿಯಿತು, ಮಾತನ್ನು ಅಲ್ಲೇ ಬಿಟ್ಟು ಅವರ ಬಳಿಗೆ ಓಡಿ, "ಏನಾಯ್ತಪ್ಪಾ, ಎಲ್ಲಿ ನೋವು?" ಎಂದು ನಾಡಿ ಹಿಡಿದುಬಿಡುತ್ತಾಳೆ. ಸಭೆಗೆ ಸಭೆಯೇ ಬಿದ್ದು ಬಿದ್ದು ನಗುತ್ತದೆ. ಮೊನ್ನೆಯೂ ಹಾಗೇ ಆಯಿತು. "ಅಲ್ಲಮ್ಮಾ ತಾಯಿ, ಗಂಟೆ ಒತ್ತಿದ್ದು ನೀವು ಕೂತ್ಕೊಳ್ಳಲಿ ಅಂತ! ಯಾಕೆ ಹೀಗೆ ಎದ್ದೂ ಬಿದ್ದೂ ಓಡಿ ಬರ್ತೀರಿ?" ಎಂದು ಅಧ್ಯಕ್ಷರು ಗೋಗರೆದರು. ಅವಳು ನಾಡಿ ಹಿಡಿದುಕೊಂಡೇ ಹೇಳಿದಳು: "ಒಂದ್ಸಲ ಎರಡೂ ವಾರ್ಡಲ್ಲಿ ರೋಗಿಗಳು ಒಟ್ಟಿಗೇ ಗಂಟೆ ಒತ್ತಿದ್ರು ಸಾರ್. ಈ ಕಡೆ ಒಬ್ಬ ಅಜ್ಜನ್ನ ಉಳಿಸ್ಕೊಂಡೆ. ಆ ಕಡೆ ನಾನು ಹೋಗೋಷ್ಟರಲ್ಲಿ, ಗಂಟೆ ಒತ್ತಿದ ಕೈ ತಣ್ಣಗಾಗಿತ್ತು." ಅಧ್ಯಕ್ಷರು ತಮ್ಮ ಕೈ ಬಿಡಿಸಿಕೊಳ್ಳಲಿಲ್ಲ. "ಮುಂದೆ ಹೇಳಿ ಸಿಸ್ಟರ್," ಎಂದರು.