ಆಂಬ್ರೋಸ್‌ಗೆ ಗಂಜಿ

ಶಕ್ತಿನಗರದಲ್ಲಿ ನಮ್ಮ ಬೇಲಿಯ ಆಚೆಗಿನ ಗೇರು ತೋಟ ಇಸಿದೋರ್ ಅವರದು. ಇಪ್ಪತ್ತೆರಡು ವರ್ಷ ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಯಾರ್ಯಾರದೋ ಹಾಸುಬಟ್ಟೆಗೆಲ್ಲ ಇಸ್ತ್ರಿ ಹಾಕಿ ವಾಪಸು ಬರುವಾಗ ಹೆಂಡತಿ ವಿನಿಫ್ರೆಡ್ ತೀರಿಕೊಂಡು ವರ್ಷವಾಗಿತ್ತು. ಮಕ್ಕಳಿಲ್ಲ. ಮನುಷ್ಯ ಮಾತಿನಲ್ಲಿ ಮಹಾ ಜಿಪುಣ. ಗೇಟಿನ ಹತ್ತಿರ ಸಿಕ್ಕಾಗ "ಚಾ ಆಯ್ತಾ?" ಎಂದರೆ "ಆಯ್ತು" ಎಂದು ಒಳಗೆ ನಡೆದುಬಿಡುವವರು. ನನಗೆ ಅವರ ಮೇಲೆ ಸಿಟ್ಟೇ ಇತ್ತು. ವಿನಿಫ್ರೆಡ್ ಹಾಗಿರಲಿಲ್ಲ. ಪ್ರತಿ ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಯ ತಟ್ಟೆಯ ಜೊತೆ ಒಂದು ಬಾಟಲಿ ಗೇರುಹಣ್ಣಿನ ವೈನ್ ಕಳುಹಿಸುತ್ತಿದ್ದರು. ನಮ್ಮ ಮನೆಯಲ್ಲಿ ಅದು ಕೆಮ್ಮಿನ ಔಷಧವೆಂಬ ಹೆಸರಿನಲ್ಲಿ ಖಾಲಿಯಾಗುತ್ತಿತ್ತು.

ಅವರು ಹೋದ ಮೇಲೆ ತೋಟವನ್ನು ಕೇಳುವವರಿರಲಿಲ್ಲ. ಹತ್ತೊಂಬತ್ತು ಹಳೆಯ ಮರಗಳು, ಅರ್ಧಕ್ಕರ್ಧ ಬಂದಣಿಕೆ ಹಿಡಿದವು. ಬಂದ ವಾರದಲ್ಲೇ ಇಸಿದೋರ್ ಕತ್ತಿ ಹಿಡಿದರು. ವಿನಿಫ್ರೆಡ್ ಕಾಲದಿಂದ ಈ ಮರಗಳನ್ನು ಸವರುತ್ತಿದ್ದ ಅಣ್ಣುವನ್ನು ಕರೆಸಿ ಬಂದಣಿಕೆ ತೆಗೆಸಿದರು. ಒಣಗಿದ ಕೊಂಬೆ ಇಳಿಸಿದರು. ಕಾಂಡ ಕೊರೆಯುವ ಹುಳುಗಳನ್ನು ತಾವೇ ಕುಕ್ಕರಗಾಲಿನಲ್ಲಿ ಕೂತು ಉಳಿಯಿಂದ ಒಂದೊಂದಾಗಿ ಹೊರಗೆಳೆದರು. ಬೀಜಕ್ಕಾಗಿ ಇಷ್ಟು ಒದ್ದಾಟವೇ ಎಂದು ಕೇಳಿದೆ.

"ಬೀಜ ಅಣ್ಣು ಕೊಂಡುಹೋಗ್ಲಿ. ನನಗೆ ಹಣ್ಣು ಸಾಕು. ವಿನ್ನಿ ಮಾಡ್ತಿದ್ದ ವೈನ್ ಒಮ್ಮೆ ಸರಿ ಬರ್ಬೇಕು."

ಅದು ಬರಲಿಲ್ಲ. ಮೊದಲ ವರ್ಷದ್ದು ಗಂಟಲು ಕೆರೆಯಿತು. ಎರಡನೆಯ ವರ್ಷ ಸಕ್ಕರೆ ಹೆಚ್ಚಿಸಿದರು, ಸಿಹಿಯಾಗಿ ಕೆರೆಯಿತು. ಎರಡೂ ಸಲ ತೆಂಗಿನ ಬುಡಕ್ಕೆ ಸುರಿದರು. ಹೆಂಡತಿ ಏನು ಹಾಕುತ್ತಿದ್ದಳೆಂದು ಇವರಿಗೆ ಗೊತ್ತಿರಲಿಲ್ಲ, ಕೇಳೋಣವೆಂದರೆ ಮನೆಯಲ್ಲಿ ಇನ್ನೊಂದು ಜೀವ ಇರಲಿಲ್ಲ.

ಅವರನ್ನು ತಿನ್ನುತ್ತಿದ್ದುದು ವೈನ್ ಮಾತ್ರ ಅಲ್ಲ. ಇದನ್ನು ಅವರೇ ಆಮೇಲೆ ನನಗೆ ಹೇಳಿದ್ದು. ಇಸಿದೋರ್ ಅವರ ತಾಯಿ ತೀರಿಕೊಂಡು ವೈನಿನ ಕೆಲಸ ವಿನಿಫ್ರೆಡ್ ಪಾಲಿಗೆ ಬಂದ ವರ್ಷದಿಂದ, ಮಾರ್ಚ್ ಏಪ್ರಿಲಿನಲ್ಲಿ ಮಸ್ಕತ್ತಿನಿಂದ ಫೋನ್ ಮಾಡಿದರೆ ಅವಳು ನಡುವೆ ಹೇಳುತ್ತಿದ್ದಳು: "ಇಡ್ತೇನೆ ಆಯ್ತಾ, ಆಂಬ್ರೋಸ್‌ಗೆ ಗಂಜಿ ಕೊಡ್ಲಿಕ್ಕುಂಟು." ಆಂಬ್ರೋಸ್ ಎಂದರೆ ಕಂಕನಾಡಿಯ ಟೈಲರ್. ದೊಡ್ಡ ಹೊಟ್ಟೆಯವ, ಮದುವೆಯಾಗದವ, ಇಗರ್ಜಿಯಲ್ಲಿ ಅವಳ ಜೊತೆ ಹಾಡುವವ. ಇಸಿದೋರ್ ಏನೂ ಕೇಳಲಿಲ್ಲ. ವಾರಕ್ಕೆ ಎರಡು ಸಲ ಇದ್ದ ಫೋನ್ ತಿಂಗಳಿಗೊಂದಾಯಿತು, ವರ್ಷ ವರ್ಷ ಇದ್ದ ರಜೆ ಮೂರು ವರ್ಷಕ್ಕೊಮ್ಮೆಯಾಯಿತು. "ಯಾಕೆ ಬರುವುದಿಲ್ಲ?" ಎಂದು ಅವಳು ಕೇಳಿದರೆ "ಲೀವ್ ಇಲ್ಲ" ಎನ್ನುತ್ತಿದ್ದರು. ಊರಿಗೆ ಬಂದ ಮೇಲೂ ಟೈಲರನ ಮುಖ ನೋಡಬಾರದೆಂದು ಹಾಡುವವರಿಲ್ಲದ ಬೆಳಿಗ್ಗೆ ಆರರ ಪೂಜೆಗೇ ಹೋಗಿಬರುತ್ತಿದ್ದರು.

ಮೂರನೆಯ ವರ್ಷ ಏಪ್ರಿಲಿನಲ್ಲಿ ಅಣ್ಣು ಬೀಜ ಕೊಂಡುಹೋಗಲು ಬಂದ. ಹಿಂದಿನ ಎರಡು ವರ್ಷ ಹಣ್ಣಿನ ಸಮಯಕ್ಕೆ ಅವನು ಸಿಕ್ಕಿದ್ದೇ ಇಲ್ಲ, ಅವನ ಹೆಂಡತಿ ಬಂದು ಹೆಕ್ಕುತ್ತಿದ್ದಳು. ನಾನು ಬೇಲಿಯ ಹತ್ತಿರ ಬಟ್ಟೆ ಒಣಗಿಸುತ್ತಿದ್ದೆ. ಇಸಿದೋರ್ ಅಂಗಳದಲ್ಲಿ ಹಣ್ಣು ಹಿಂಡಿ ದೊಡ್ಡ ಭರಣಿಗೆ ರಸ ಸುರಿಯುತ್ತಿದ್ದರು.

"ಆಂಬ್ರೋಸ್‌ಗೆ ಗಂಜಿ ಕೊಟ್ಟಾಯ್ತಾ ಪೊರ್ಬುಲೆ?" ಎಂದು ಅಣ್ಣು ಅವರನ್ನು ಕೇಳಿದ.

ಇಸಿದೋರ್ ಕೈ ನಿಂತಿತು. "ಯಾವ ಆಂಬ್ರೋಸ್?"

"ಎಂತ ಪೊರ್ಬುಲೆ, ಇವನೇ." ಅಣ್ಣು ಭರಣಿಯ ಹೊಟ್ಟೆಗೆ ತಟ್ಟಿದ. "ರಸಕ್ಕೆ ಗಂಜಿ ತಿಳಿ ಹಾಕಿ ಇಟ್ರೆ ಕೆರೆತ ಎಲ್ಲ ಅಡಿಗೆ ಕೂರ್ತದೆ. ಮೇಲಿನ ತಿಳಿ ಮಾತ್ರ ವೈನಿಗೆ. ವಿನ್ನಿ ಬಾಯಮ್ಮ ಹಾಗೆಯೇ ಮಾಡ್ತಿದ್ದದ್ದು. ಹೆಸರಿಟ್ಟದ್ದು ನೀವೇ ಅಂತೆ ಅಲ್ವಾ? ಮದುವೆಯಾದ ವರ್ಷ, ಟೈಲರನ ಹೊಟ್ಟೆಯ ಹಾಗೆ ಉಂಟು ಅಂತ. ಬಾಯಮ್ಮ ಅದನ್ನು ಹೇಳಿ ಹೇಳಿ ನಗ್ತಿದ್ರು."

ಇಸಿದೋರ್ ಮೆಟ್ಟಿಲ ಮೇಲೆ ಕೂತರು. ಅಣ್ಣು ಬೀಜದ ಗೋಣಿ ಕಟ್ಟಿ ಹೊರಟರೂ ಏಳಲಿಲ್ಲ. ನಾನು ಉಳಿದ ಬಟ್ಟೆ ಹರಡಿದೆ. ಖಾಲಿ ಬಕೆಟ್ ಎತ್ತಿಕೊಂಡು ಒಳಗೆ ಬಂದೆ.

ಡಿಸೆಂಬರಿನಲ್ಲಿ ಅವರೇ ನಮ್ಮ ಬಾಗಿಲಿಗೆ ಬಂದರು, ಕೈಯಲ್ಲಿ ಬಾಟಲಿ. ಅಂದು ಜಗಲಿಯಲ್ಲಿ ಕೂತು, ಮೂರು ವರ್ಷದಲ್ಲಿ ಆಡದಷ್ಟು ಮಾತನ್ನು ಒಂದೇ ಮಧ್ಯಾಹ್ನ ಆಡಿದರು. ನಾನು ಒಂದು ಗುಟುಕು ಕುಡಿದೆ. ವಿನಿಫ್ರೆಡ್ ಕೊಡುತ್ತಿದ್ದದ್ದೇ.

"ಸರಿ ಬಂದಿದೆ. ನೀವೂ ತೆಗೊಳ್ಳಿ."

ಅವರು ಲೋಟ ಮುಟ್ಟಲಿಲ್ಲ.

"ನಾನೇ ಇಟ್ಟ ಹೆಸರು, ನನಗೇ ಮರೆತಿತ್ತು. ಯಾವ ಆಂಬ್ರೋಸ್ ಅಂತ ಒಂದು ಮಾತು ಕೇಳ್ಬೇಕಿತ್ತು. ಎಂಟು ವರ್ಷ ಫೋನ್ ಕೈಯಲ್ಲೇ ಇತ್ತು. ಕೇಳಿದ್ರೆ ಅವಳು ನಗ್ತಿದ್ಲು, ಅಷ್ಟೇ."