ಪಟ್ಟಿಯಲ್ಲಿಲ್ಲದ ಸಣ್ಣ ಆರ್‌ಎನ್‌ಎ

ಕೋವಿಡ್ ಮುಗಿದು ಕಾಲೇಜುಗಳು ತೆರೆದ ಮರುವರ್ಷ ನಾನು ವಡೋದರದ ಸೂಕ್ಷ್ಮಜೀವಿ ಪ್ರಯೋಗಾಲಯವೊಂದರಲ್ಲಿ ಪಿಎಚ್.ಡಿ. ಮಾರ್ಗದರ್ಶಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ನಿಜ ಹೇಳಬೇಕೆಂದರೆ ಆಗಲೇ ದಣಿದಿದ್ದೆ. ಕರಡುಗಳನ್ನು ಓದುವುದು ಕಡಿಮೆಯಾಗಿ ಸಹಿ ಹಾಕುವುದಷ್ಟೇ ಉಳಿದಿತ್ತು.

ನನ್ನ ಕೊನೆಯ ವಿದ್ಯಾರ್ಥಿನಿ ಕೃಪಾ, ಅಹಮದಾಬಾದಿನ ಮಣಿನಗರದಲ್ಲಿ ಉಡುಪಿ ಹೋಟೆಲು ನಡೆಸುವವರ ಮಗಳು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಒಂದು ಸಣ್ಣ ಆರ್‌ಎನ್‌ಎ ಅವಳ ವಿಷಯ. ಇಂಥವು ಪ್ರೋಟೀನ್ ತಯಾರಿಸುವುದಿಲ್ಲ, ಬೇರೆ ಜೀನುಗಳ ಕೆಲಸವನ್ನು ಹೆಚ್ಚಿಸುತ್ತವೆ ಇಲ್ಲವೇ ತಗ್ಗಿಸುತ್ತವೆ. ಹತ್ತಿರದ ಸಂಬಂಧಿ ಬ್ಯಾಕ್ಟೀರಿಯಾಗಳ ಜೀನ್ ಪಟ್ಟಿಗಳಲ್ಲಿ ಅದು ಸಿಗದಿದ್ದರಿಂದ, ಸಾಲ್ಮೊನೆಲ್ಲಾದಲ್ಲೇ ಹೊಸದಾಗಿ ಹುಟ್ಟಿದ್ದೆಂದು ಥೀಸಿಸ್ ವಾದಿಸಿತ್ತು. ಪಟ್ಟಿ ನೋಡಿದರೆ ಸಾಕೆಂದವನು ನಾನೇ.

ಸಲ್ಲಿಕೆಗೆ ಹತ್ತು ದಿನವಿರುವಾಗ ಅವಳು ಎಕ್ಸ್‌ರೇ ಫಿಲ್ಮೊಂದನ್ನು ಮೇಜಿನ ಮೇಲಿಟ್ಟಳು. ಅದರಲ್ಲೊಂದು ಕಪ್ಪು ಗೆರೆ, ಆ ಆರ್‌ಎನ್‌ಎ ಇದೆಯೆಂಬ ಗುರುತು.

"ಸರ್, ಸಿಟ್ರೊಬ್ಯಾಕ್ಟರ್‌ನಲ್ಲಿ ಕೂಡ ಉಂಟು. ಸೇಮ್ ಎರಡು ಜೀನ್‌ಗಳ ಮಧ್ಯದಲ್ಲಿ. ಲಿಸ್ಟ್‌ನಲ್ಲಿ ಯಾರೂ ಬರೆದೇ ಇಲ್ಲ, ಬಸ್, ಅಷ್ಟೇ."

ಸಿಟ್ರೊಬ್ಯಾಕ್ಟರ್ ಸಾಲ್ಮೊನೆಲ್ಲಾದ ಹತ್ತಿರದ ಸಂಬಂಧಿ; ಅಲ್ಲೂ ಇದ್ದರೆ ಥೀಸಿಸ್ಸಿನ ವಾದವೇ ಬಿದ್ದುಹೋಗುತ್ತಿತ್ತು. ಪಟ್ಟಿ ಮಾಡುವ ಸಾಫ್ಟ್‌ವೇರ್ ಮುಖ್ಯವಾಗಿ ಪ್ರೋಟೀನ್ ಜೀನುಗಳನ್ನು ಹುಡುಕುತ್ತದೆ. ಸಣ್ಣ ಆರ್‌ಎನ್‌ಎಗಳನ್ನು ಎಷ್ಟೋ ಸಲ ಬಿಟ್ಟುಬಿಡುತ್ತದೆ. ವಿಕಾಸದಲ್ಲಿ ಇವುಗಳ ಅನುಕ್ರಮದ ಅಕ್ಷರಗಳೂ ಬೇಗ ಬದಲಾಗುತ್ತವೆ. ಗುರಿ ಜೀನಿನ ಸಂದೇಶಕ್ಕೆ ಅಂಟುವ ಪುಟ್ಟ ತುಣುಕು ಮತ್ತು ಅಕ್ಕಪಕ್ಕದ ಜೀನುಗಳು ಮಾತ್ರ ಹೆಚ್ಚಾಗಿ ಉಳಿಯುತ್ತವೆ. ಅವಳು ಆ ನೆರೆಹೊರೆಯ ಜೀನುಗಳ ಜಾಡು ಹಿಡಿದು ಪತ್ತೆ ಮಾಡಿದ್ದಳು. ಹೆಮ್ಮೆಪಡಬೇಕಿತ್ತು, ನನಗೆ ಸಿಟ್ಟು ಬಂತು.

"ಈಗ ಸುಮ್ಮನಿರವಾ. ಡಿಗ್ರಿ ಬರ್ಲಿ, ಆಮ್ಯಾಲೆ ನೋಡೂಣು."

"ಗೊತ್ತಿದ್ದೂ ಸುಳ್ಳು ಹಾಕುದಾ ಸರ್?"

ಫೆಲೋಶಿಪ್ ಆ ತಿಂಗಳೇ ಮುಗಿಯುತ್ತಿತ್ತು. ಸೂರತ್‌ನ ಕಂಪನಿಯೊಂದು ಡಿಗ್ರಿ ಸಿಕ್ಕ ಕೂಡಲೇ ಕೆಲಸ ಕೊಡುವುದಾಗಿ ಹೇಳಿತ್ತು. ಆದರೂ ಮರುದಿನ ಗಡುವು ವಿಸ್ತರಣೆಯ ಅರ್ಜಿ ತಂದಳು. ಕಾರಣದ ಜಾಗದಲ್ಲಿ 'ನನ್ನ ಅಜಾಗರೂಕತೆ' ಎಂದಿತ್ತು. ತಪ್ಪು ಮಾರ್ಗದರ್ಶಕನದಾಗಿದ್ದರೆ ಫೆಲೋಶಿಪ್ ಮುಂದುವರಿಸುವ ನಿಯಮ ನಮ್ಮಲ್ಲಿತ್ತು. ಅದು ಗೊತ್ತಿದ್ದೇ ಅರ್ಜಿಗೆ ಸಹಿ ಹಾಕಿದೆ.

ಸೂರತ್‌ನ ಕೆಲಸ ಬೇರೆಯವರ ಪಾಲಾಯಿತು. ಎಂಟು ತಿಂಗಳು ಅವಳು ಬೆಳಿಗ್ಗೆ ಅಪ್ಪನ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟಿ, ಮಣಿನಗರದಿಂದ ರೈಲು ಹಿಡಿದು ಪ್ರಯೋಗಾಲಯಕ್ಕೆ ಬಂದಳು. ಅಧ್ಯಾಯವನ್ನು ಮೊದಲಿನಿಂದ ಬರೆದಳು. ಒಂದು ದಿನವೂ ನನ್ನನ್ನು ದೂರಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ, ವಿಸ್ತರಣೆ ಅರ್ಜಿಯ ಕಾರಣ ಓದಿದ್ದ ಪರೀಕ್ಷಕರು, ಇಷ್ಟು ಮೂಲಭೂತ ವಿಷಯವನ್ನು ಮೊದಲೇ ಏಕೆ ನೋಡಲಿಲ್ಲವೆಂದು ಅವಳನ್ನು ಗದರಿದರು. ಅವಳು ತಲೆ ತಗ್ಗಿಸಿದಳು. ಆಗ ತಡೆಯಲಾಗಲಿಲ್ಲ. "ಅದು ಆಕೀ ತಪ್ಪಲ್ಲ, ನಂದು," ಎಂದೆ.

ಹೊರಗೆ ಬಂದಾಗ ಕ್ಷಮೆ ಕೇಳಿದೆ. ಅವಳು ಶಾಂತವಾಗಿಯೇ ಹೇಳಿದಳು: "ಥ್ಯಾಂಕ್ಯೂ ಸರ್. ಆದ್ರೆ ಆ ದಿನವೇ ಹೇಳಬೇಕಿತ್ತು."

ಮೂವತ್ತು ವರ್ಷದ ವೃತ್ತಿ ನನಗೆ ಕಲಿಸಿದ್ದರಲ್ಲಿ ಇದೊಂದನ್ನು ನಾನು ಯಾರಿಗೂ ಕಲಿಸಿರಲಿಲ್ಲ: ತಪ್ಪನ್ನು ತಡವಾಗಿ ಒಪ್ಪಿಕೊಂಡರೆ ಹಗುರಾಗುವುದು ಒಪ್ಪಿಕೊಂಡವನ ಮನಸ್ಸು ಮಾತ್ರ.